ಶಿಲುಬೆಗೆ ಹೊದಿಸಿದ ನೇರಳೆ ಬಟ್ಟೆ

ಬೆಳಂಬಾರದಲ್ಲಿ ದುರ್ಗಕ್ಕನ ಮನೆಯ ಬಾಗಿಲು ದೂಡಿ ಒಳಗೆ ಕಾಲಿಟ್ಟಾಗ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಗೋಡೆಯ ಮೇಲಿನ ಶಿಲುಬೆ. ಶಿಲುಬೆ ಅಂದೆ, ಶಿಲುಬೆ ಕಾಣುತ್ತಲೇ ಇರಲಿಲ್ಲ. ಅದರ ಮೇಲೆ ನೇರಳೆ ಬಟ್ಟೆ ಇಳಿಬಿಟ್ಟಿತ್ತು. ಕೆಳಗಿನ ಹಲಗೆಯ ಮೇಲೆ ಮೇಣದ ಬತ್ತಿ ಇರಲಿಲ್ಲ, ಜಪಮಣಿ ಇರಲಿಲ್ಲ.

ಅದು ಅಕ್ಟೋಬರ್ ತಿಂಗಳು. ನಮ್ಮಲ್ಲಿ ಅದು ಜಪಮಾಲೆಯ ತಿಂಗಳು. ಕಾರವಾರದ ನಮ್ಮ ಓಣಿಯಲ್ಲಿ ಸಂಜೆ ಏಳಾಯಿತೆಂದರೆ ಪ್ರತಿ ಕ್ರಿಶ್ಚಿಯನ್ ಮನೆಯಿಂದ ತೇರ್ಸಿನ, ಅಂದರೆ ಜಪಮಾಲೆ ಪ್ರಾರ್ಥನೆಯ, ದನಿ ಕೇಳುತ್ತದೆ. ಒಬ್ಬರು ಅರ್ಧ ಹೇಳುತ್ತಾರೆ, ಉಳಿದವರು ಇನ್ನರ್ಧ ಮುಗಿಸುತ್ತಾರೆ. ತೇರ್ಸ್ ಒಂಟಿಯಾಗಿ ಹೇಳುವ ಪ್ರಾರ್ಥನೆಯಲ್ಲ.

"ಇದೆಂತದು ಜೊವಿತಾ?" ಎಂದು ಕೇಳಿದೆ.

ನನ್ನ ತಮ್ಮ ಇನಾಸನ ಮಗಳು ಜೊವಿತಾಳಿಗೆ ಆಗ ಎಂಟು ವರ್ಷ. ಅವಳ ತಮ್ಮ ಆಲ್ಬಿನ್‌ನಿಗೆ ಐದು. ಇಬ್ಬರೂ ನೆಲದ ಮೇಲೆ ಕೂತು ಅವಲಕ್ಕಿ ತಿನ್ನುತ್ತಿದ್ದರು. ಅವರ ಅಜ್ಜಿ ದುರ್ಗಕ್ಕ ಗದ್ದೆ ಕೆಲಸಕ್ಕೆ ಹೋಗಿದ್ದಳು.

"ಅಜ್ಜಿ ಮುಚ್ಚಿಟ್ಟಿದಾಳೆ. ಈಗ ದೇವ್ರನ್ನ ಮುಟ್ಟುಕಾಗ, ತೇರ್ಸ್ ಹೇಳುಕಾಗ ಅಂದಿದಾಳೆ."

ನನಗೆ ಮೈಯೆಲ್ಲ ಉರಿಯಿತು. ಆ ಶಿಲುಬೆ, ಆ ಹಲಗೆ ನಮ್ಮ ಚೆಂಡಿಯಾದ ಹಳೆ ಮನೆಯದು. ನೌಕಾನೆಲೆಗೆ ಜಾಗ ಹೋದಾಗ ಅಪ್ಪ ಪಾತ್ರೆ ಪಡಗವನ್ನೆಲ್ಲ ಲಾರಿಗೆ ಹಾಕಿ, ಅದನ್ನು ಮಾತ್ರ ತಲೆಯ ಮೇಲೆ ಹೊತ್ತು ನಡೆದಿದ್ದರು. ಗಂಡು ಮಗ ಅಂತ ಇನಾಸನಿಗೆ ಕೊಟ್ಟರು. ಇನಾಸ ಬೆಳಂಬಾರದ ಸುಮಿತಾಳನ್ನು ಮೆಚ್ಚಿ ಮದುವೆಯಾದ. ಅವಳು ನಮ್ಮ ಮತಕ್ಕೆ ಬಂದಳು, ನನಗಿಂತ ಚೆನ್ನಾಗಿ ಪ್ರಾರ್ಥನೆ ಕಲಿತಳು. ಮಂಜುಗಡ್ಡೆಯ ಲಾರಿ ಓಡಿಸುತ್ತಿದ್ದ ಇನಾಸ ಹೈವೇಯಲ್ಲಿ ಸತ್ತು ಮೂರು ವರ್ಷಕ್ಕೆ ಸುಮಿತಾಳೂ ಕಿಡ್ನಿ ಹೋಗಿ ತೀರಿಕೊಂಡಳು. ಆಸ್ಪತ್ರೆಯಲ್ಲಿ ಅವಳು ತನ್ನ ತಾಯಿ ದುರ್ಗಕ್ಕನ ಕೈ ಹಿಡಿದು, "ಆಯಿ, ಮಕ್ಕಳಿಗೆ ಇನಾಸನ ದೇವ್ರನ್ನ ಬಿಡಿಸ್ಬೇಡ" ಎಂದದ್ದನ್ನು ನಾನು ಕಿವಿಯಾರೆ ಕೇಳಿದ್ದೆ.

ಒಂದೂವರೆ ವರ್ಷ ದುರ್ಗಕ್ಕ ಆ ಮಾತನ್ನು ನಡೆಸಿದ್ದು ಸುಳ್ಳಲ್ಲ. ಭಾನುವಾರ ಮಕ್ಕಳ ತಲೆ ಬಾಚಿ ಬಸ್ಸಿಗೆ ಹತ್ತಿಸಿ ಅಂಕೋಲೆಯ ಇಗರ್ಜಿಗೆ ಕರೆದುಕೊಂಡು ಹೋಗುವುದು, ಪೂಜೆ ಮುಗಿಯುವವರೆಗೆ ಕೊನೆಯ ಬೆಂಚಿನಲ್ಲಿ ಸೆರಗು ಹೊದ್ದು ಕೂರುವುದು. ಈಸ್ಟರಿಗೆ ಮೊದಲಿನ ತಪಸ್ಸು ಕಾಲದ ಶುಕ್ರವಾರ ಮನೆಯಲ್ಲಿ ಮಾಂಸವಿಲ್ಲ, ಮೀನೂ ಇಲ್ಲ. ತನಗೂ ಇಲ್ಲ. ಸಂಜೆ ತೇರ್ಸಿಗೆ ಅವಳೂ ಜೊತೆಗೆ ಕೂರುತ್ತಿದ್ದಳು. ಕೊಂಕಣಿ ಪ್ರಾರ್ಥನೆ ನಾಲಿಗೆಗೆ ಬರುತ್ತಿರಲಿಲ್ಲ, ಹಾಗಾಗಿ ಲೆಕ್ಕ ಹಿಡಿಯುವ ಕೆಲಸ ಅವಳದು. ಹತ್ತು ಹುಣಸೆ ಬೀಜ ಮುಂದಿಟ್ಟುಕೊಂಡು ಒಂದೊಂದು 'ನಮಾನ್ ಮರಿಯೆ' ಪ್ರಾರ್ಥನೆಗೆ ಒಂದೊಂದು ಬೀಜ ಬಲಕ್ಕೆ ಸರಿಸಿ, "ಹತ್ತಾಯ್ತು, ಮುಂದೆ ನಡೀರಿ" ಎನ್ನುವಳು, ಗದ್ದೆಯಲ್ಲಿ ನಾಟಿಯವರಿಗೆ ಹೇಳಿದ ಹಾಗೆ.

"ನಿಮ್ಮ ದೇವ್ರಿಗೆ ಐವತ್ತು ಸಲ ಹೇಳ್ಬೇಕಲೆ ಬಾಯಿ, ಕಿವಿ ಮಂದವೊ ಎಂತದೊ!" ಎಂದು, ಕ್ರಿಶ್ಚಿಯನ್ ಹೆಂಗಸರನ್ನು 'ಬಾಯಿ' ಎಂದೇ ಕರೆಯುವ ಅವಳು ಒಮ್ಮೆ ನನ್ನನ್ನು ನಗಿಸಿದ್ದಳು. "ನಮ್ಮದಕ್ಕೆ ಒಂದು ಕಾಯಿ ಒಡದ್ರೆ ಮುಗೀತು."

ತೇರ್ಸ್ ಮುಗಿದ ಮೇಲೆ ಮಕ್ಕಳು ಮನೆಯ ಹಿರಿಯರ ಎದುರು ಕೈ ಜೋಡಿಸಿ 'ಬೆಸಾಂವ್' ಕೇಳಬೇಕು, ಅಂದರೆ ಆಶೀರ್ವಾದ. ದುರ್ಗಕ್ಕ ಎರಡೂ ಕೈಯನ್ನು ತಲೆಯ ಮೇಲಿಟ್ಟು "ದೇವ್ರು ಚಲೋ ಮಾಡ್ಲಿ" ಎನ್ನುತ್ತಿದ್ದಳು. ಅದು ಯಾವ ದೇವರು ಎಂದು ಮಕ್ಕಳು ಕೇಳಿದ್ದಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ನಾನು ಅವತ್ತು ಕಾದು ಕೂತೆ, ಜಗಳಕ್ಕೆ ಕೂತ ಹಾಗೆ.

ಮೂರು ಗಂಟೆಗೆ ದುರ್ಗಕ್ಕ ಬಂದಳು. ಕಾಲಿನ ಕೆಸರು ತೊಳೆಯುತ್ತಾ, "ಯಾವಾಗ ಬಂದ್ರಿ ಬಾಯಿ? ಆಸ್ರಿಗೆ ಕುಡದ್ರೆ?" ಎಂದಳು.

"ಅದಿರಲಿ. ಶಿಲುಬೆಗೆ ಬಟ್ಟೆ ಯಾಕೆ ಮುಚ್ಚಿದ್ರಿ?"

"ಸೂತಕ ಬಂತಲೆ. ನಮ್ಮ ಯಜಮಾನ್ರ ಅಣ್ಣ ಹೋದ್ರು, ಹಿಲ್ಲೂರಲ್ಲಿ. ಸುಕ್ರಭಾವ. ಇವತ್ತಿಗೆ ಎಂಟು ದಿನ ಆಯ್ತು."

ಸೂತಕ ಎಂದರೇನೆಂದು ನನಗೆ ಗೊತ್ತಿಲ್ಲವೆ? ಕಾರವಾರದಲ್ಲಿ ಹುಟ್ಟಿ ಬೆಳೆದವಳು ನಾನು. ನನ್ನ ಹೊಲಿಗೆ ಅಂಗಡಿಗೆ ಬರುವವರಲ್ಲಿ ಮುಕ್ಕಾಲು ಪಾಲು ಹಿಂದೂಗಳು. ಸೂತಕದ ಮನೆಯಲ್ಲಿ ಹನ್ನೊಂದು ದಿನ ದೇವರಿಗೆ ದೀಪ ಹಚ್ಚುವುದಿಲ್ಲ, ದೇವರನ್ನು ಮುಟ್ಟುವುದಿಲ್ಲ, ಅದು ಮರ್ಯಾದೆ. ಗೊತ್ತಿತ್ತು.

"ನಮ್ಮಲ್ಲಿ ಸಾವು ಬಂದ ಮನೇಲಿ ಪ್ರಾರ್ಥನೆ ಹೆಚ್ಚು ಮಾಡ್ತಾರೆ ದುರ್ಗಕ್ಕ, ನಿಲ್ಸೂದಿಲ್ಲ."

ಅವಳು ಗಲಿಬಿಲಿಗೊಂಡಳು. "ಹೌದ್ಯೆ? ಮತ್ತೆ ಇಗರ್ಜಿಲಿ ನೀವೇ ಮುಚ್ಚಿದ್ರಲೆ! ಶುಭ ಶುಕ್ರವಾರದ ಮೊದ್ಲು ಎಲ್ಲಾ ದೇವ್ರಿಗೂ ನೇರಳೆ ಬಟ್ಟೆ ಹಾಕಿತ್ತು. ಅವ್ರ ಮನೇಲಿ ಸಾವು ಬಂದದೆ, ಅದ್ಕೆ ಮುಚ್ತಾರೆ ಅಂತ ಕೂಸು ಹೇಳ್ತು. ನಾ ಅದನ್ನ ನೋಡೇ ಮಾಡ್ದೆ ಬಾಯಿ. ಬಣ್ಣ ಸಮೇತ ಅದೇ ಇರ್ಲಿ ಅಂತ ನೀವು ಕೂಸಿಗೆ ಲಂಗಕ್ಕೆ ಕೊಟ್ಟ ಬಟ್ಟೆಯೇ ತಗದೆ."

ಆಗ ನೋಡಿದೆ. ಇಗರ್ಜಿಯ ಪ್ರತಿಮೆಗಳಿಗೆ ಹೊದಿಕೆ ಹೊಲಿದು ಉಳಿದ ತುಂಡು, ನನ್ನದೇ ಕತ್ತರಿಯ ಅಂಚು. ಒಂದು ಮಡಿಕೆ ಕೂಡ ಇಲ್ಲದ ಹಾಗೆ ಒಗೆದು, ನೀರು ಚಿಮುಕಿಸಿ, ಹಾಸಿಗೆಯ ಕೆಳಗಿಟ್ಟು ನೇರ ಮಾಡಿ ಹೊದಿಸಿದ್ದಳು.

ಅಲ್ಲಿಗೆ ಮಾತು ಮುಗಿಯಬೇಕಿತ್ತು. ಬುದ್ಧಿ ಇರುವ ಹೆಂಗಸು ನಕ್ಕು, ಒಂದು ಲೋಟ ಚಾ ಕುಡಿದು, ಸಂಜೆ ತೇರ್ಸ್ ಹೇಳಿಸಿ ಬಸ್ಸು ಹತ್ತುತ್ತಿದ್ದಳು. ಆದರೆ ಒಂದು ವರ್ಷದಿಂದ ನನ್ನ ಮನಸ್ಸು ಒಂದು ನೆಪ ಹುಡುಕುತ್ತಿತ್ತು. ನಾನು ಮದುವೆಯಾದವಳಲ್ಲ. ಸಂಜೆ ಹೊಲಿಗೆ ಯಂತ್ರ ನಿಲ್ಲಿಸಿದ ಮೇಲೆ ಮನೆಯಲ್ಲಿ ಮಾತಾಡುವ ಒಂದು ಜೀವ ಇರಲಿಲ್ಲ. ಮಕ್ಕಳು ಬೇಕು ಎಂದು ಕೇಳಲು ಬಾಯಿ ಬರಲಿಲ್ಲ. ಮಕ್ಕಳ ಆತ್ಮಕ್ಕಾಗಿ ಎನ್ನಲು ಬಂತು.

"ಮುಂದಿನ ಮೇ ತಿಂಗಳಲ್ಲಿ ಜೊವಿತಾ ಮೊದಲ ಪರಮಪ್ರಸಾದ ತಗೋಬೇಕು," ಎಂದೆ. "ಶಿಲುಬೆ ಮುಚ್ಚಿಡೋ ಮನೇಲಿ ಅವಳಿಗೆ ಎಂತಾ ತಯಾರಿ ಆಗ್ತದೆ? ಮಕ್ಕಳನ್ನ ನಾನು ಕಾರವಾರಕ್ಕೆ ಕರಕೊಂಡು ಹೋಗ್ತೇನೆ. ಸುಮಿತಾ ಹೇಳಿದ್ದು ನಿಮಗೂ ನೆನಪಿದೆ."

ದುರ್ಗಕ್ಕ ಅಳಲಿಲ್ಲ. ಸುಮಿತಾಳ ಹೆಸರು ಎತ್ತಿದರೆ ಅವಳು ಎದುರಾಡುವುದಿಲ್ಲವೆಂದು ನನಗೆ ಮೊದಲೇ ಗೊತ್ತಿತ್ತು. ಒಂದೇ ಮಾತು ಬೇಡಿಕೊಂಡಳು.

"ಇನ್ನು ಮೂರೇ ದಿನ ಬಾಯಿ. ಸೂತಕ ಕಳೀಲಿ. ದೇವ್ರ ಬಟ್ಟೆ ನಾನೇ ತಗದು, ಬತ್ತಿ ಹಚ್ಚಿ, ಚಂದ ಮಾಡಿ ಕಳಸ್ತೆ. ಹಿಂಗೆ ಮುಚ್ಚಿದ್ದನ್ನ ಮುಚ್ಚಿದ ಹಂಗೇ ಹೊತ್ಕಂಡು ಹೋಗ್ಬೇಡಿ."

ನಾನು ಕೇಳಲಿಲ್ಲ. ಬಟ್ಟೆ ಸಮೇತ ಶಿಲುಬೆಯನ್ನು ಸುತ್ತಿ ಚೀಲಕ್ಕೆ ಹಾಕಿದೆ. ರಿಕ್ಷಾ ತರಿಸಿದೆ. ಹೊರಡುವಾಗ ಆಲ್ಬಿನ್ ಅಜ್ಜಿಯ ಎದುರು ಕೈ ಜೋಡಿಸಿದ. ಜೊವಿತಾ ಜೋಡಿಸಲಿಲ್ಲ. ಅಷ್ಟು ಹೊತ್ತು ನನ್ನ ಮಾತು ಕೇಳಿಸಿಕೊಂಡಿದ್ದ ಮಗು ನನ್ನದೇ ದನಿಯಲ್ಲಿ, "ನೀ ನಮ್ಮ ದೇವ್ರನ್ನ ಮುಚ್ಚಿಟ್ಟೆ. ನಿನ್ನ ಬೆಸಾಂವ್ ಬೇಡ" ಎಂದಳು.

ನಾನು ಬೈಯಲಿಲ್ಲ. ಒಳಗೊಳಗೆ, ಹುಡುಗಿಗೆ ನಂಬಿಕೆ ಗಟ್ಟಿ ಇದೆ ಅಂದುಕೊಂಡೆ.

ಕಾರವಾರದಲ್ಲಿ ನಾನು ಅವರನ್ನು ಚೆನ್ನಾಗಿಯೇ ನೋಡಿಕೊಂಡೆ. ಊಟಕ್ಕೆ ಮೊದಲು ಪ್ರಾರ್ಥನೆ, ಮಲಗುವ ಮೊದಲು ಪ್ರಾರ್ಥನೆ, ಏಳು ಗಂಟೆಗೆ ಟಿವಿ ಬಂದ್. ದೇವರ ಹತ್ತು ಕಟ್ಟಳೆಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿದೆ. ಸುಳ್ಳು ಹೇಳಿದರೆ ಆ ದಿನ ಬಿಸ್ಕೆಟ್ ಇಲ್ಲ. ಜೊವಿತಾ ತಿಂಗಳೊಪ್ಪತ್ತಿನಲ್ಲಿ ಎಲ್ಲವನ್ನೂ ಬಾಯಿಪಾಠ ಮಾಡಿದಳು. ಧರ್ಮೋಪದೇಶದ ಸಿಸ್ಟರ್ "ನಿಮ್ಮ ಹುಡುಗಿ ಬಹಳ ಚುರುಕು ನತಾಲಿನ್ ಬಾಯಿ" ಎಂದಾಗ ನಾನು ಉಬ್ಬಿಹೋದೆ. ಆದರೆ ಮಕ್ಕಳು ನನ್ನನ್ನು 'ನೀವು' ಎನ್ನುವುದನ್ನು ಬಿಡಲಿಲ್ಲ. ಅಜ್ಜಿಗೆ 'ನೀನು' ಎನ್ನುತ್ತಿದ್ದವರು.

ಆಲ್ಬಿನ್ ಮೊದಲ ಸಂಜೆಯೇ, "ಆಂಟಿ, ಲೆಕ್ಕ ಯಾರು ಹಿಡೀತಾರೆ?" ಎಂದು ಕೇಳಿದ್ದ.

"ಮಣಿ ಇದೆಯಲ್ಲ ಪುತಾ, ಅದೇ ಲೆಕ್ಕ."

"ಮಣಿಗೆ ಬಾಯಿ ಇಲ್ಲ," ಎಂದ. ಚಡ್ಡಿಯ ಕಿಸೆಯಲ್ಲಿ ಹತ್ತು ಹುಣಸೆ ಬೀಜ ತಂದಿದ್ದ.

ಕ್ರಿಸ್‌ಮಸ್ಸಿಗೆ ದುರ್ಗಕ್ಕ ಬಂದಳು. ಕುಚ್ಚಲಕ್ಕಿ, ಒಣಮೀನು, ಎರಡು ತೆಂಗಿನಕಾಯಿ. ಆಲ್ಬಿನ್ ಅವಳ ಕುತ್ತಿಗೆಗೆ ಜೋತುಬಿದ್ದ. ಜೊವಿತಾ ಒಳಗಿನ ಕೋಣೆಯಿಂದ ಹೊರಗೆ ಬರಲಿಲ್ಲ. ನಾಚಿಕೆಯೋ ಸಿಟ್ಟೋ, ಮಕ್ಕಳಲ್ಲಿ ಎರಡೂ ಒಂದೇ ಮುಖ ಹೊತ್ತು ಬರುತ್ತವೆ. "ಇರ್ಲಿ, ಓದ್ಕಂತಾ ಇರ್ಬೇಕು," ಎಂದು ಅಜ್ಜಿ ತಾನೇ ಸಮಾಧಾನ ಹೇಳಿಕೊಂಡು, ಮುಚ್ಚಿದ ಬಾಗಿಲಿಗೆ ಕೈಯಿಟ್ಟು "ದೇವ್ರು ಚಲೋ ಮಾಡ್ಲಿ" ಎಂದು ನಾಲ್ಕರ ಬಸ್ಸಿಗೆ ಹೋದಳು. ಜೊವಿತಾಳನ್ನು ಕರೆದು ಹೊರಗೆ ನಿಲ್ಲಿಸಲು ನನಗೆ ಅರ್ಧ ನಿಮಿಷ ಸಾಕಿತ್ತು. ಆದರೆ ನಾನು ಕರೆಯಲಿಲ್ಲ.

ಮೇ ತಿಂಗಳು ಬಂತು. ಆ ಭಾನುವಾರ ಏಳು ಹುಡುಗಿಯರಿಗೆ ಮೊದಲ ಪರಮಪ್ರಸಾದ, ಏಳು ಬಿಳಿ ಉಡುಪೂ ನನ್ನ ಯಂತ್ರದ ಮೇಲೆ. ಗುರುವಾರ ಮಧ್ಯಾಹ್ನ ಜೊವಿತಾಳ ಸ್ಯಾಟಿನ್ನಿಗೆ ಲೇಸು ಕೂರಿಸುತ್ತಿದ್ದಾಗ ಫೋನ್ ಬಂತು. ಹಿಲ್ಲೂರಿನ ಸುಕ್ರನ ಮಗ ನಿತೇಶ.

"ಬಾಯಿ, ಚಿಕ್ಕಮ್ಮ ಹೋದ್ರು. ಬೆಳಿಗ್ಗೆ ಬಾವಿಕಟ್ಟೆ ಹತ್ರ ಬಿದ್ರು, ಆಸ್ಪತ್ರಿಗೆ ಹೋಗೂ ತನಕಾನೂ ತಡೀಲಿಲ್ಲ. ಮಕ್ಕಳನ್ನ ಕರಕಂಡು ಬರ್ರಿ. ಸಂಜೆ ತನಕ ಇಟ್ಕಂತೇವೆ."

ಕೈಯಲ್ಲಿ ಸೂಜಿ ಇತ್ತು. ಜೊವಿತಾ ಹೊರಗೆ ಜಗಲಿಯಲ್ಲಿ ಆಲ್ಬಿನ್‌ನಿಗೆ ಬೂಟಿನ ದಾರ ಕಟ್ಟಲು ಕಲಿಸುತ್ತಿದ್ದಳು. ನನ್ನ ತಲೆ ಗಡಿಯಾರದ ಹಾಗೆ ಓಡಿತು. ಇವತ್ತು ಹೋದರೆ ಹುಡುಗಿ ಅತ್ತು ಮಲಗಿಬಿಡುತ್ತಾಳೆ. ಶನಿವಾರ ಫಾದರ್ ಎದುರು ಅವಳ ಮೊದಲ ಪಾಪನಿವೇದನೆ. ಭಾನುವಾರ ಇನ್ನೊಮ್ಮೆ ಬರುವುದಿಲ್ಲ. ಸತ್ತವರಿಗೆ ಮೂರು ದಿನ ತಡವಾದರೆ ಏನಾಗುತ್ತದೆ?

"ಮಕ್ಕಳಿಗೆ ಇಬ್ರಿಗೂ ಜ್ವರ ನಿತೇಶ. ಬರೂಕಾಗೂದಿಲ್ಲ. ನೀವು ಮುಗಿಸಿ," ಎಂದೆ.

"ಹಂಗಾರೆ ಆಯ್ತು," ಎಂದು ಅವನು ಫೋನ್ ಇಟ್ಟ. ನಾನು ಲೇಸು ಕೂರಿಸಿ ಮುಗಿಸಿದೆ. ಒಂದೂ ಹೊಲಿಗೆ ತಪ್ಪಲಿಲ್ಲ.

ಶನಿವಾರ ಸಂಜೆ ಜೊವಿತಾ ಪಾಪನಿವೇದನೆ ಮುಗಿಸಿ ಇಗರ್ಜಿಯ ಮೆಟ್ಟಿಲು ಇಳಿದು ನನ್ನ ಹತ್ತಿರ ಓಡಿ ಬಂದಳು. ಏಳು ತಿಂಗಳಲ್ಲಿ ಅವಳ ಮುಖ ಅಷ್ಟು ಹಗುರಾದದ್ದು ನಾನು ಕಂಡಿರಲಿಲ್ಲ.

"ಆಂಟಿ, ನಾನು ಅಜ್ಜಿಗೆ ಅಂದದ್ದು ಎಲ್ಲಾ ಹೇಳ್ದೆ. ಕ್ರಿಸ್‌ಮಸ್ಸಿಗೆ ಬಾಗ್ಲು ಹಾಕ್ಕಂಡದ್ದೂ ಹೇಳ್ದೆ. ಫಾದರ್ ಬೈಲಿಲ್ಲ. ಪ್ರಾಯಶ್ಚಿತ್ತ ಕೊಟ್ರು. ಎಂತದು ಹೇಳಿ?"

"ಎಷ್ಟು ನಮಾನ್ ಮರಿಯೆ?"

"ಒಂದೂ ಇಲ್ಲ! ಅಜ್ಜಿ ಹತ್ರ ಹೋಗಿ, ತಪ್ಪಾಯ್ತು ಅಂದು, ಬೆಸಾಂವ್ ಕೇಳ್ಕಂಡು ಬಾ ಅಂದ್ರು. ಅಷ್ಟೇ. ಯಾವಾಗ ಹೋಗೂದು? ಬಿಳಿ ಡ್ರೆಸ್ಸಲ್ಲೇ ಹೋಗ್ಲಾ? ಅಜ್ಜಿ ನೋಡ್ಲಿ."

ಮೂರನೆಯ ದಿನ ಅದು. ಬೆಳಂಬಾರದಲ್ಲಿ ಬೂದಿ ಕೂಡ ಆರಿತ್ತು. ಇಗರ್ಜಿಯ ಮೆಟ್ಟಿಲ ಮೇಲೆ, ಅವಳ ಕಣ್ಣಿಗೆ ಕಣ್ಣಿಟ್ಟು ಹೇಳಿದೆ:

"ಸೋಮವಾರ ಹೋಗೋಣ."

ಭಾನುವಾರ ಎಲ್ಲವೂ ಚೆನ್ನಾಗಿ ನಡೆಯಿತು. ಏಳು ಹುಡುಗಿಯರಲ್ಲಿ ಅವಳ ಉಡುಪೇ ಚಂದ ಎಂದು ನಾಲ್ಕು ಜನ ಹೇಳಿದರು. ಮನೆಗೆ ಇಪ್ಪತ್ತು ಜನಕ್ಕೆ ಊಟ ಹಾಕಿದೆ. ಜೊವಿತಾ ಕೇಕಿನ ಒಂದು ದೊಡ್ಡ ತುಂಡನ್ನು ಡಬ್ಬಿಗೆ ಹಾಕಿ ಮುಚ್ಚಿಟ್ಟಳು, ಅಜ್ಜಿಗೆ.

ಸೋಮವಾರ ಬೆಳಿಗ್ಗೆ ಅವಳು ಬಿಳಿ ಉಡುಪು ಹಾಕಿ, ಡಬ್ಬಿ ಹಿಡಿದು, ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಆಗ ಹೇಳಿದೆ. ಹೇಗೆ ಹೇಳಿದೆ ಎಂಬುದು ಬೇಡ. ಇಂಥದ್ದನ್ನು ಚಂದ ಮಾಡಿ ಹೇಳುವ ದಾರಿ ಇಲ್ಲ.

ಆಲ್ಬಿನ್ ಅತ್ತ. ಜೊವಿತಾ ಅಳಲಿಲ್ಲ.

"ಯಾವತ್ತು?"

"ಗುರುವಾರ."

ಅವಳು ಬೆರಳು ಮಡಿಸಿದಳು. ಗುರುವಾರ, ಶುಕ್ರವಾರ, ಶನಿವಾರ. ಅಲ್ಲಿ ನಿಲ್ಲಿಸಿ ನನ್ನನ್ನು ನೋಡಿದಳು.

"ಶನಿವಾರ ನಾ ಕೇಳ್ದಾಗ ಅಜ್ಜಿ ಇರ್ಲೇ ಇಲ್ಲ."

"ನಿನ್ನ ದೊಡ್ಡ ದಿನ ಹಾಳಾಗೂದು ಬೇಡ ಅಂತ..."

"ನಿಮಗೆ ಗೊತ್ತಿತ್ತು."

"ಗೊತ್ತಿತ್ತು ಪುತಾ."

ಬಾಗಿಲಿಗೆ ಅಂಟಿಸಿದ ಕಾಗದ ಅವಳ ತಲೆಯ ಹಿಂದೆಯೇ ಇತ್ತು. ಎಂಟನೆಯ ಕಟ್ಟಳೆಯನ್ನು ನಾನು ಕೆಂಪು ಪೆನ್ನಿನಲ್ಲಿ ಬರೆದಿದ್ದೆ, ಮಕ್ಕಳು ಸುಳ್ಳಿಗೆ ಬೇಗ ಬೀಳುತ್ತಾರೆಂದು. ಅವಳು ಅದರ ಕಡೆ ತಿರುಗಲಿಲ್ಲ. ತಿರುಗಿದ್ದರೆ ನನಗೆ ಸುಲಭವಾಗುತ್ತಿತ್ತು.

"ಪ್ರಾಯಶ್ಚಿತ್ತ ಮಾಡ್ದೆ ನಾ ಪರಮಪ್ರಸಾದ ತಗಂಡೆ," ಎಂದಳು. "ಇನ್ನು ಮಾಡೂಕೂ ಆಗೂದಿಲ್ಲ." ಕೊಟ್ಟ ಪ್ರಾಯಶ್ಚಿತ್ತ ಮಾಡದಿದ್ದರೆ ಪಾಪ ಕಳೆಯುವುದಿಲ್ಲ ಎಂದು ನಾನೇ ಅವಳಿಗೆ ಕಲಿಸಿದ್ದೆ.

ಒಳಗೆ ಹೋಗಿ ಕಪಾಟಿನ ತಳದಿಂದ ಆ ನೇರಳೆ ಬಟ್ಟೆ ತೆಗೆದಳು. ಬೆಳಂಬಾರದಿಂದ ಶಿಲುಬೆ ಸುತ್ತಿ ತಂದದ್ದನ್ನು ಯಾರು ಮಡಿಸಿ ಇಟ್ಟಿದ್ದರೋ, ಅವಳೇ ಇರಬೇಕು. ಸ್ಟೂಲು ಎಳೆದು ಹತ್ತಿ ಶಿಲುಬೆಗೆ ಹೊದಿಸಿದಳು. ಮಡಿಕೆ ಬಿದ್ದಲ್ಲಿ ಅಂಗೈಯಿಂದ ನೀವಿ ಸರಿ ಮಾಡಿದಳು.

"ಇವತ್ತಿಗೆ ಐದು ದಿನ," ಎಂದಳು ತಮ್ಮನಿಗೆ. "ಇನ್ನು ಆರು."

ನಾನು ತಡೆಯಲಿಲ್ಲ. ಆರು ಸಂಜೆ ನಮ್ಮ ಮನೆಯಲ್ಲಿ ತೇರ್ಸ್ ಆಗಲಿಲ್ಲ. ನೆರೆಯ ಮನೆಯವರು, "ಎಂತಾ ನತಾಲಿನ್, ಹಬ್ಬ ಮುಗೀತು ಅಂತ ದೇವ್ರಿಗೂ ರಜೆಯಾ?" ಎಂದು ಕೇಳಿದರು. ಗಂಟಲು ನೋವು ಎಂದೆ. ಹೇಳಿ ಮುಗಿಸಿದ ಮೇಲೆ ಹೊಳೆಯಿತು, ಅದೂ ಸುಳ್ಳೇ.

ನಡುವೆ ಫಾದರ್ ಹತ್ತಿರ ಹೋಗಿ ಎಲ್ಲ ಒಪ್ಪಿಕೊಂಡೆ. ಒಳ್ಳೆಯ ಮನುಷ್ಯ, ಮನೆಗೇ ಬಂದರು. ಜೊವಿತಾಳನ್ನು ಪಕ್ಕಕ್ಕೆ ಕೂರಿಸಿಕೊಂಡು, ಮನಸ್ಸಿನಲ್ಲಿ ಕೇಳಿದರೂ ಅಜ್ಜಿಗೆ ತಲುಪುತ್ತದೆ, ದೇವರು ಕ್ಷಮಿಸಿ ಆಗಿದೆ ಮಗು ಎಂದರು. ಅವಳು ತಲೆಯಾಡಿಸಿದಳು. ಅವರು ಹೋದ ಮೇಲೆ ನನ್ನನ್ನು ಕೇಳಿದಳು:

"ಹಂಗೆ ಹೇಳಿ ಅಂತ ನೀವೇ ಹೇಳಿ ಕಳಸಿದ್ರಾ?"

ಇಲ್ಲ ಎಂದೆ. ಅದು ನಿಜ. ಆದರೆ ನನ್ನ ಬಾಯಿಂದ ಬಂದ ನಿಜವನ್ನು ಅವಳು ಯಾಕೆ ನಂಬಬೇಕು?

ಬೆಳಂಬಾರಕ್ಕೂ ಕರೆದುಕೊಂಡು ಹೋದೆ. ಸೂತಕ ಕಳೆಯುವವರೆಗೆ ಅಲ್ಲೇ ಉಳಿದಿದ್ದ ನಿತೇಶ ಮಾತಾಡಿಸಿದ, ಕೂರಿಸಿದ, ಮಕ್ಕಳಿಗೆ ಎಳನೀರು ಕೊಟ್ಟ. "ಜ್ವರ ಬಿಡ್ತೆ?" ಎಂದು ನನ್ನನ್ನೊಂದು ಮಾತು ಕೇಳಿದ, ಅಷ್ಟೇ. ಗೋಡೆಯ ಮೇಲೆ ಶಿಲುಬೆ ಇದ್ದಲ್ಲಿ ಮೊಳೆ ಹಾಗೆಯೇ ಇತ್ತು. ಅದರ ಕೆಳಗೆ ಹಲಗೆಯ ಮೇಲೆ ಒಂದು ಅರ್ಧ ಉರಿದ ಮೇಣದ ಬತ್ತಿ. "ಮಕ್ಕಳು ಹೋದ ಮೇಲೂ ಏಳು ಗಂಟಿಗೆ ಹಚ್ತಿದ್ರು," ಎಂದ ನಿತೇಶ. "ಅದೂ ಸೂತಕದ ಉಳ್ದ ಮೂರು ದಿನ ಕಳದ ಮೇಲೇ ಹಚ್ಚಿದ್ದು ಮತ್ತೆ."

ಹನ್ನೊಂದು ಮುಗಿದ ಸಂಜೆ ಜೊವಿತಾ ಬಟ್ಟೆ ತೆಗೆದು ನಾಲ್ಕು ಮಡಿಕೆ ಮಾಡಿ ಇಟ್ಟಳು. ನಾನು ಬತ್ತಿ ಹಚ್ಚಿ, ಮಣಿ ಹಿಡಿದು, ನಮಾನ್ ಮರಿಯೆ ಅರ್ಧ ಹೇಳಿ ನಿಲ್ಲಿಸಿದೆ. ಉಳಿದರ್ಧ ಅವಳು ತೆಗೆದುಕೊಳ್ಳಬೇಕು. ಹೊರಗೆ ಬಸ್ಸಿನ ಹಾರನ್ ಕೇಳಿತು. ಅವಳು ಶಿಲುಬೆಯನ್ನೇ ನೋಡುತ್ತಾ ತುಟಿ ಬಿಗಿದು ಕೂತಿದ್ದಳು. ಹಟವಲ್ಲ ಅದು. ಹಟವಾಗಿದ್ದರೆ ಬಿಸ್ಕೆಟ್ ತಪ್ಪಿಸಿ ಸರಿ ಮಾಡಬಹುದಿತ್ತು. ಬಾಯಿ ತೆರೆಯುವ ಹಕ್ಕು ತನಗಿಲ್ಲ ಎಂದು ಅವಳು ನಂಬಿದ್ದಾಳೆ. ನಾನು ಕಲಿಸಿದ್ದನ್ನೆಲ್ಲ ಅಕ್ಷರ ಬಿಡದೆ ನಂಬಿದ್ದಾಳೆ.

ಈಗ ಮತ್ತೆ ಅಕ್ಟೋಬರ್. ಭಾನುವಾರ ಜೊವಿತಾ ಇಗರ್ಜಿಗೆ ಬರುತ್ತಾಳೆ, ಕೊನೆಯ ಬೆಂಚಿನಲ್ಲಿ ಕೂರುತ್ತಾಳೆ. ಎಲ್ಲರೂ ಪರಮಪ್ರಸಾದಕ್ಕೆ ಏಳುವಾಗ ಏಳುವುದಿಲ್ಲ. ಸಂಜೆ ಏಳಕ್ಕೆ ಓಣಿಯ ಎಲ್ಲ ಮನೆಗಳಲ್ಲೂ ಎರಡು ದನಿ, ನಮ್ಮಲ್ಲಿ ಒಂದು. ಮೊದಲರ್ಧ ಹೇಳಿ ಒಂದು ಉಸಿರಿನಷ್ಟು ನಿಲ್ಲುತ್ತೇನೆ, ಆಮೇಲೆ ಉಳಿದರ್ಧವನ್ನೂ ನಾನೇ ಹೇಳುತ್ತೇನೆ. ಆಲ್ಬಿನ್ ಹುಣಸೆ ಬೀಜ ಸರಿಸುತ್ತಾನೆ. ಒಂಬತ್ತೇ ಉಳಿದಿವೆ, ಒಂದು ಕಳೆದುಹೋಗಿದೆ. ಹತ್ತನೆಯದಕ್ಕೆ ನೆಲದ ಮೇಲೆ ಬೆರಳು ಒತ್ತಿ, "ಹತ್ತಾಯ್ತು, ಮುಂದೆ ನಡೀರಿ" ಎನ್ನುತ್ತಾನೆ.

ಮುಗಿದ ಮೇಲೆ ಅವನು ಬಂದು ಬೆಸಾಂವ್ ಕೇಳುತ್ತಾನೆ. ಅವನ ತಲೆಯ ಮೇಲೆ ಕೈಯಿಡುತ್ತೇನೆ. ಜೊವಿತಾ ಎದ್ದು ಒಣಗಿದ ಬಟ್ಟೆ ತರಲು ಹಿತ್ತಲಿಗೆ ಹೋಗುತ್ತಾಳೆ. ಅವಳಿಗೆಂದು ಎತ್ತಿದ ಕೈ ಸ್ವಲ್ಪ ಹೊತ್ತು ಹಾಗೆಯೇ ಇರುತ್ತದೆ. ಆಮೇಲೆ ಅದನ್ನು ಇಳಿಸಿ, ಬತ್ತಿ ಆರಿಸಿ, ಅನ್ನಕ್ಕೆ ಇಡಲು ಏಳುತ್ತೇನೆ.